ಕಪ್ಯಾರ್ ಉಲಹನ್ನಾನ್
ಕೋಟ್ಟಯಂ ಸೀಮೆಯ ಆ ಹಳೆಯ ಇಗರ್ಜಿಯ ಕಪ್ಯಾರ್, ಅಂದರೆ ಚರ್ಚಿನ ಊಳಿಗದವನು, ಉಲಹನ್ನಾನ್ ಪ್ರತಿ ಭಾನುವಾರ ಎರಡೆರಡು ಸಲ ಗಂಟೆ ಬಾರಿಸುತ್ತಿದ್ದ. ಊರಿನ ಕ್ರೈಸ್ತ ಸಭೆ ಜಗಳವಾಡಿ ಎರಡಾಗಿ ಒಡೆದ ಮೇಲೆ ಏಳರ ಪ್ರಾರ್ಥನೆಗೆ ಒಂದು ಪಂಗಡ, ಹತ್ತರದಕ್ಕೆ ಇನ್ನೊಂದು. ಇಬ್ಬರಿಗೂ ಅವನೇ ದೀಪ ಹಚ್ಚುತ್ತಿದ್ದ, ಇವರ ಪಾದದ ಧೂಳು ಅವರಿಗೆ ತಗಲಬಾರದೆಂದು ನಡುವೆ ನೆಲವನ್ನೂ ಗುಡಿಸುತ್ತಿದ್ದ. “ನೀನು ಯಾರ ಕಡೆಯೋ?” ಎಂದು ಯಾರಾದರೂ ಕೆಣಕಿದರೆ, “ಪೊರಕೆ ಕಡೆ, ಅಚ್ಚಾಯಾ” ಎಂದು ನಗುತ್ತಿದ್ದ. ಅವನ ಹೆಂಡತಿ ಏಲಿಯಮ್ಮ ತೀರಿಕೊಂಡಾಗ, ಆಮೇಲೆ ಒಬ್ಬಳೇ ಮಗಳು ಶೋಶಾಮ್ಮ ಹೋದಾಗ ಮಾತ್ರ ಎರಡೂ ಕಡೆಯವರು ಸಮಾಧಿಯ ಗುಂಡಿಯ ಸುತ್ತ ನಿಂತು ಒಂದೇ ದನಿಯಲ್ಲಿ ಪ್ರಾರ್ಥಿಸಿದರು. ಮಗಳಿಗೆ ಮಣ್ಣು ಹಾಕಿ ಮತ್ತೆ ಬೇರೆ ಬೇರೆ ದಾರಿ ಹಿಡಿಯಲು ಹೊರಟವರನ್ನು ಉಲಹನ್ನಾನ್ ಕೂಗಿ ನಿಲ್ಲಿಸಿದ: “ಇನ್ನೊಂದು ಗಳಿಗೆ ಹೀಗೇ ನಿಂತಿರ್ರಪ್ಪ. ಇನ್ನು ನಿಮ್ಮನ್ನ ಒಟ್ಟು ಸೇರಿಸೋಕೆ ನಮ್ಮನೇಲಿ ನಾನೊಬ್ಬನೇ ಉಳಿದಿರೋದು.”