ಅಕ್ಕೋರು ಎತ್ತದ ಫೋನು

ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತ ಹೆಂಗಸು. ಅಕ್ಕೋರು ಅಂದರೆ ನನ್ನ ಕಣ್ಣ ಮುಂದೆ ಬರುವುದು ಹಾಗೆ. ಹಸಿರು ಬಳೆಗಳು ಒತ್ತಿ ಮಣಿಕಟ್ಟಿನ ಮೇಲೆ ಕೆಂಪು ಗೆರೆಗಳು ಬಿದ್ದಿರುತ್ತಿದ್ದವು. ನಾನು ಸರ್ವರ್ ಕಂಪ್ಯೂಟರಿಗೆ ತಪ್ಪು ಆಜ್ಞೆ ಟೈಪು ಮಾಡತೊಡಗಿದರೆ ಅವರ ಭುಜ ಅಲುಗುತ್ತಿತ್ತು, ಗಂಟಲಲ್ಲಿ ಸಣ್ಣ ಸದ್ದು ಹೊರಡುತ್ತಿತ್ತು, ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ. "ಕೈ ಬಿಟ್ರ ನಾನ ಮಾಡಿಬಿಡ್ತೀನಿ. ಅದಕ್ಕ ಅದರ ಮ್ಯಾಲ ಕುಂತೀನಿ. ನೀ ಮಾಡು" ಎನ್ನುತ್ತಿದ್ದರು.

ಮಾಧಾಪುರದ ಗಾಜಿನ ಕಟ್ಟಡಗಳಿಗೆ ದಿನಾ ಬೆಳಗ್ಗೆ ಜನ ಜಾತ್ರೆಯಂತೆ ಬಂದು ಬೀಳುತ್ತಿದ್ದ ವರ್ಷಗಳವು. ನಮ್ಮ ಕಂಪನಿ ಮಾತ್ರ ಒಂದು ಗಲ್ಲಿಯೊಳಗೆ, ಬಿರಿಯಾನಿ ಹೋಟೆಲಿನ ಮೇಲಿತ್ತು. ಸಣ್ಣ ಆಸ್ಪತ್ರೆ, ಲ್ಯಾಬು, ಔಷಧದ ಅಂಗಡಿಗಳಿಗೆ ತಂತ್ರಾಂಶ ಮಾಡಿಕೊಡುತ್ತಿದ್ದೆವು. ಅದೆಲ್ಲ ಓಡುವ ಲಿನಕ್ಸ್ ಸರ್ವರು ಅಕ್ಕೋರ ಸುಪರ್ದಿಯಲ್ಲಿತ್ತು. ಅವರು ಕಲಬುರ್ಗಿ ಕಡೆಯವರು. ತಂದೆಗೆ ಕಾರ್ಖಾನೆಯಲ್ಲಿ ನೌಕರಿ, ಹಾಗಾಗಿ ಬೆಳೆದದ್ದು ಕುಷಾಯಿಗೂಡದಲ್ಲಿ. ಬಹಳ ಕಾಲ ಶಾಲೆಯಲ್ಲಿ ಗಣಿತ ಕಲಿಸಿ, ಆ ಕೆಲಸ ಹೋದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಅಮೀರಪೇಟೆಯ ಕೋಚಿಂಗ್ ಬೆಂಚಿನ ಮೇಲೆ ಹುಡುಗರ ನಡುವೆ ಕೂತು ಲಿನಕ್ಸ್ ಕಲಿತವರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಅನ್ನುತ್ತೇವಲ್ಲ, ನಾನು ಹಾಗೆ ಕರೆದದ್ದೇ ತಡ, ತೆಲುಗಿನವರು, ಹಿಂದಿಯವರು ಸೇರಿ ಇಡೀ ಆಫೀಸು ಅದನ್ನೇ ಹಿಡಿದುಕೊಂಡಿತು.

ನಾನು ರಾಯಚೂರಿನವಳು. ಮಗು ಹುಟ್ಟಿದಾಗ ನೌಕರಿ ಬಿಟ್ಟು, ವರ್ಷಗಟ್ಟಲೆ ಮಿಯಾಪುರದ ಫ್ಲಾಟಿನಲ್ಲಿ ಕುಕ್ಕರಿನ ಸೀಟಿ ಎಣಿಸಿ, ಮತ್ತೆ ಹೊರಗೆ ಬಂದವಳು. ಅಷ್ಟರಲ್ಲಿ ನಮ್ಮ ವಿದ್ಯೆಯೇ ಬೇರೆಯಾಗಿಹೋಗಿತ್ತು. ಕಂಟೇನರ್, ಕಂಟೇನರ್ ಎಂದು ಎಲ್ಲರೂ ಜಪಿಸುತ್ತಿದ್ದರು, ನನಗೆ ಬಂದರಿನ ಹಡಗು ಬಿಟ್ಟರೆ ಬೇರೇನೂ ತೋಚುತ್ತಿರಲಿಲ್ಲ. ಅಕ್ಕೋರು ತಮ್ಮ ಊಟದ ಚೀಲ ಬಿಚ್ಚಿ ಮೇಜಿನ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟರು.

"ನೋಡವಾ, ಪಲ್ಯ ಒಂದರಾಗ, ಮೊಸರು ಒಂದರಾಗ, ಚಟ್ನಿ ಒಂದರಾಗ. ಎಲ್ಲಾ ಒಂದ ಚೀಲದಾಗ ಐತಿ, ಆದ್ರ ಒಂದರದು ಒಂದಕ್ಕ ಹತ್ತಂಗಿಲ್ಲ. ಸರ್ವರ್ ಅಂದ್ರ ಚೀಲ. ಕಂಟೇನರ್ ಅಂದ್ರ ಡಬ್ಬಿ. ತಿಳೀತಿಲ್ಲೋ?"

ತಿಳಿಯಿತು. ಒಂದೊಂದು ಡಬ್ಬಿಯನ್ನೂ ಹೇಗೆ ಕಟ್ಟಬೇಕೆಂಬ ಸೂಚನೆ ಒಂದು ಫೈಲಿನಲ್ಲಿ ಇರಬೇಕು. ರೋಗಿಗಳ ಮಾಹಿತಿ ಡಬ್ಬಿಯೊಳಗೆ ಇರಕೂಡದು, ಹೊರಗೆ ಬೇರೆ ಜಾಗದಲ್ಲಿ ಭದ್ರವಾಗಿರಬೇಕು. ಆಗ ಡಬ್ಬಿ ಹಾಳಾದರೆ ಎಸೆದು, ಫೈಲಿನಲ್ಲಿರುವಂತೆ ಇನ್ನೊಂದು ಕಟ್ಟಬಹುದು. ಇಷ್ಟೇ ವಿದ್ಯೆ. ಆದರೆ ಇದನ್ನು ಅಕ್ಕೋರು ನಡೆಸುತ್ತಿದ್ದ ರೀತಿ ನಾನು ಬೇರೆಲ್ಲೂ ಕಂಡಿಲ್ಲ.

ಗುರುವಾರ ಊಟವಾದ ಮೇಲೆ ಕೆಡವುವ ಕೆಲಸ. ಚೆನ್ನಾಗಿ ಓಡುತ್ತಿರುವ ಒಂದು ಕಂಟೇನರನ್ನು ಬೇಕೆಂದೇ ಅಳಿಸಿ, ಫೈಲಿನಿಂದ ಹೊಸದಾಗಿ ಕಟ್ಟಬೇಕು. ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಕೆಡವುತ್ತೀರಿ ಎಂದು ಕಂಪನಿಯ ಯಜಮಾನರು ತಲೆ ಚಚ್ಚಿಕೊಳ್ಳುತ್ತಿದ್ದರು. "ಅಚ್ಛಾ ಚಲ್ತಾ ಸೋ ಕಾಯ್ಕು ತೋಡ್ತೆ ಅಕ್ಕೋರು?" ಮತ್ತೆ ಕಟ್ಟಲು ಬರುತ್ತದೋ ಇಲ್ಲವೋ ನೋಡಬೇಕಲ್ಲ ಎಂದು ಅಕ್ಕೋರದು ತಣ್ಣನೆಯ ಉತ್ತರ: "ಫಿರ್ ಬನಾನೇಕು ಆತಾ ಕ್ಯಾ ನಹೀ, ದೇಖನಾ ಸಾಬ್." ಓಡುತ್ತಿರುವ ಕಂಟೇನರಿನೊಳಗೆ ಹೊಕ್ಕು ಕೈಯಿಂದ ರಿಪೇರಿ ಮಾಡುವುದನ್ನಂತೂ ಅವರು ಸಹಿಸುತ್ತಿರಲಿಲ್ಲ. "ಒಳಗ ಹೋಗಿ ಮಾಡಿದ್ದು ಮತ್ತ ಕಟ್ಟೂದ್ರಾಗ ಸತ್ತು ಹೋಗ್ತೈತಿ. ಫೈಲಿನ್ಯಾಗ ಬರೀಬೇಕು" ಎಂದು ಎಷ್ಟು ಸಲ ಹೇಳಿದ್ದಾರೋ.

ಒಂದು ಮಧ್ಯಾಹ್ನ ನನ್ನನ್ನು ಸುಲ್ತಾನ್ ಬಜಾರಿಗೆ ಎಳೆದುಕೊಂಡು ಹೋದರು. ಮುಂದೆ ಗುಂಡಿ ಇರುವ ನೈಟಿಗಳು ಬೇಕಂತೆ. ಅಂಗಡಿಯವನೊಂದಿಗೆ ತೆಲುಗಿನಲ್ಲಿ ಜಗ್ಗಾಡಿ ಗೆದ್ದು, ಚೀಲ ನನ್ನ ಕೈಗೆ ಕೊಟ್ಟು, ಜನರ ನೂಕುನುಗ್ಗಲಿನ ನಡುವೆಯೇ ಹೇಳಿದರು: "ಹೊಟ್ಯಾಗ ಗಡ್ಡಿ ಐತಂತ. ಛಲೋ ಗಡ್ಡಿ ಅಲ್ಲ. ಮುಂದಿನ ವಾರ ಅಡ್ಮಿಟ್ ಆಗೂದೈತಿ."

ಅವರು ನಡೆಯುತ್ತಲೇ ಇದ್ದರು.

"ನಾ ಇಲ್ಲದಾಗ ಎಲ್ಲಾ ನಡೀಬೇಕು. ನಡೀಲಿಲ್ಲಂದ್ರ ನಾ ಕಲಿಸಿದ್ದರ ಏನು?"

"ಹಂಗ್ಯಾಕ ಮಾತಾಡ್ತೀರಿ ಅಕ್ಕೋರ? ನೀವು ಬರ್ತೀರಿ."

"ನಾ ಬರ್ತೀನೋ ಇಲ್ಲೋ ಡಾಕ್ಟರು ನೋಡ್ಕೊಂತಾರ. ಸರ್ವರ್ ನೀ ನೋಡ್ಕೋ."

ನನಗೆ ಭಾರಿ ಸಿಟ್ಟು ಬಂತು. ನಾನು ಕಲಿತಷ್ಟೂ ಅವರು ಹೊರಡುವುದು ಸಲೀಸಾಗುತ್ತದೆ ಎಂಬುದು ನನಗೆ ಆ ಬಜಾರಿನಲ್ಲಿ ಹೊಳೆಯಿತು. ಬೇಕೆಂದೇ ದಡ್ಡಿಯಾಗಿಬಿಡಲೇ ಅಂತಲೂ ಅನ್ನಿಸಿತು. ಆದರೆ ಅಕ್ಕೋರ ಮುಂದೆ ದಡ್ಡತನ ನಟಿಸಿ ದಕ್ಕಿಸಿಕೊಂಡವರು ಯಾರೂ ಇರಲಿಲ್ಲ.

ಆಸ್ಪತ್ರೆಗೆ ಲ್ಯಾಪ್‌ಟಾಪ್ ಒಯ್ಯಿರಿ, ಮಲಗಿದಲ್ಲಿಂದಲೇ ಒಂಚೂರು ನೋಡಿಕೊಳ್ಳಿ ಎಂದು ಯಜಮಾನರು ಅಂಗಲಾಚಿದರು. "ನಹೀ ಸಾಬ್, ಏ ಇಧರೀಚ್ ರಹತಾ" ಎಂದು ಅದನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಅವರಿಲ್ಲದ ಮೊದಲ ಗುರುವಾರ ಬಂತು. ಕೆಡವಬೇಕಾದದ್ದು ಡಯಾಲಿಸಿಸ್ ಕೇಂದ್ರದ ಕಂಟೇನರು. ಅದು ಹಿಂದಿನ ವಾರವಷ್ಟೇ ಅಕ್ಕೋರು ಸ್ವತಃ ಕಟ್ಟಿದ್ದು. ಯಾವ ರೋಗಿ ಯಾವ ಪಾಳಿಗೆ, ಯಾವ ಯಂತ್ರಕ್ಕೆ ಎಂಬುದನ್ನು ಅದೇ ಹೇಳುತ್ತಿತ್ತು. ಸೋಂಕಿರುವವರಿಗೆ ಬೇರೆ ಯಂತ್ರವಾದ್ದರಿಂದ ಅದು ಹೇಳದೆ ಯಾರನ್ನೂ ಹಾಸಿಗೆಗೆ ಹತ್ತಿಸುವಂತಿರಲಿಲ್ಲ. ಯಜಮಾನರು ಈ ವಾರ ಬೇಡ ಅಂದರು. ಬೇಡ ಅನ್ನುವುದಾದರೆ ಅಕ್ಕೋರಿಗೆ ಅನ್ನಿ ಎಂದು ನಾನು ಅಳಿಸಿದೆ. ಹೊಸದು ಕಟ್ಟಿದೆ. ಎದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಕೇಂದ್ರದ ರಿಸೆಪ್ಷನಿಸ್ಟ್ ಫೋನು ಮಾಡಿದಳು. "ಮೇಡಮ್, ಎವರಿಕೀ ಟೈಮ್ ಕಾಲೇದು ಅಂಟೋಂದಿ." ಮಧ್ಯಾಹ್ನದ ಪಾಳಿಯವರೆಲ್ಲ ಬಂದು ಕೂತಿದ್ದಾರೆ, ತಂತ್ರಾಂಶ ನೋಡಿದರೆ ಯಾರಿಗೂ ಇನ್ನೂ ಸಮಯವಾಗಿಲ್ಲ ಅನ್ನುತ್ತಿದೆ. ಹಿಂದೆ ಯಾರೋ ಅಜ್ಜ ಏದುಸಿರು ಬಿಡುತ್ತಿರುವುದು ಫೋನಿನಲ್ಲೇ ಕೇಳಿಸಿತು. ಅಕ್ಕೋರಿಗೆ ಫೋನು ಹಚ್ಚಿದೆ. ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದೆ. ಮತ್ತೆ ಹಾಗೆಯೇ.

ಯಜಮಾನರು ಬೆನ್ನ ಹಿಂದೆ ಬಂದು ನಿಂತರು. "ದಯವಿಟ್ಟು ಅತ್ತ ಹೋಗಿ ಸಾರ್" ಎಂದು ಅವರನ್ನು ಅಟ್ಟಿ, ಪರದೆಯ ಮೇಲೆ ಬರುತ್ತಿದ್ದ ಸಾಲುಗಳನ್ನು ಒಂದೊಂದಾಗಿ ಓದಿದೆ. ತಪ್ಪೇನೂ ಕಾಣಲಿಲ್ಲ. ಮತ್ತೊಮ್ಮೆ ಓದುವಾಗ ಸಾಲಿನ ಮೊದಲಿದ್ದ ಗಂಟೆ ಕಣ್ಣಿಗೆ ಬಿತ್ತು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಎರಡು ದಾಟಿದೆ, ಕಂಟೇನರಿಗೆ ಇನ್ನೂ ಬೆಳಗಿನ ಎಂಟೂವರೆ. ಇಲ್ಲಿನ ಸಮಯ ಹೇಳಿಕೊಡದಿದ್ದರೆ ಕಂಟೇನರುಗಳು ಲಂಡನ್ನಿನ ಕಡೆಯ ಗಂಟೆಯನ್ನೇ ಹಿಡಿದು ಕೂರುತ್ತವೆ. ಹೇಳಿಕೊಡುವ ಸಾಲು ಫೈಲಿನಲ್ಲಿ ಇರಲಿಲ್ಲ. ಅಂದರೆ ಅಕ್ಕೋರು, ಸಾಕ್ಷಾತ್ ಅಕ್ಕೋರು, ಹಿಂದಿನ ವಾರ ಒಳಗೆ ಹೊಕ್ಕು ಕೈಯಿಂದ ಗಡಿಯಾರ ತಿದ್ದಿ ಬಂದಿದ್ದರು. ಹೊಟ್ಟೆನೋವು ಎಷ್ಟಿತ್ತೋ ಆ ದಿನ, ತಾಯಿ. ಆ ಒಂದು ಸಾಲನ್ನು ಫೈಲಿಗೆ ಸೇರಿಸಿ ಮತ್ತೆ ಕಟ್ಟಿದೆ. "ಒಚ್ಚಿಂದಿ ಮೇಡಮ್, ಅಂದರಿದೀ ಒಚ್ಚಿಂದಿ" ಎಂದು ಹುಡುಗಿ ಹೇಳಿದಾಗ ಎಲ್ಲರ ಪಾಳಿಯೂ ಬಂದಿತ್ತು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಅತ್ತುಬಿಟ್ಟೆ.

ಸಂಜೆ ಆಸ್ಪತ್ರೆಗೆ ಹೋದಾಗ ಅಕ್ಕೋರು ಸುಲ್ತಾನ್ ಬಜಾರಿನ ನೈಟಿ ತೊಟ್ಟು ದಿಂಬಿಗೆ ಒರಗಿದ್ದರು. ಆಪರೇಷನ್ ಮರುದಿನವಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು, "ಟೈಮ್ ಅಲ್ಲೇನು?"

"ನಿಮಗ ಗೊತ್ತಿತ್ತೇನ್ರಿ?"

"ಎರಡನೇ ಸಲ ಹೊಡಕೊಂಡಾಗ ನೆನಪಾತು. ಫೋನ್ ನನ್ನ ಕೈಯಾಗ ಇತ್ತು. ನೋಡ್ಕೊಂತ ಕುಂತಿದ್ನಿ."

"ಮಂದಿ ಕುಂತಿದ್ರು ಅಲ್ಲಿ, ಅಕ್ಕೋರ. ಎತ್ತಬಾರದಿತ್ತೇನು?"

"ಮೂರನೇ ಸಲ ಬಂದಿದ್ರ ಎತ್ತತಿದ್ನಿ. ನೀ ಮಾಡಲಿಲ್ಲ." ದಿಂಬನ್ನು ಸರಿಸಿಕೊಂಡು, "ತಪ್ಪು ನಂದ. ಆದ್ರ ಸರಿ ಮಾಡಿದ್ದು ನಿಂದು. ನಾ ಹೇಳಿಬಿಟ್ಟಿದ್ರ ಅದೂ ನಂದ ಆಗ್ತಿತ್ತು" ಅಂದರು. ಆಮೇಲೆ ನನ್ನ ಮಗಳ ಶಾಲೆಯ ವಿಷಯ ಕೇಳಿದರು.

ಆಪರೇಷನ್ ನಂತರ ಅವರು ಆಗಾಗ ಆಫೀಸಿಗೆ ಬಂದು ಹೋಗುತ್ತಿದ್ದರು. ಬಂದರೂ ಸರ್ವರಿನ ವಿಷಯ ತೆಗೆಯುತ್ತಿರಲಿಲ್ಲ, ಚಹಾ ಕುಡಿದು ಎಲ್ಲರನ್ನೂ ರೇಗಿಸಿ ಎದ್ದು ಹೋಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಕೆಲಸ ಬಿಟ್ಟವರ ಲಾಗಿನ್ ಖಾತೆಯನ್ನು ಸರ್ವರಿನಿಂದ ತೆಗೆದುಹಾಕುವುದು ನಮ್ಮಲ್ಲಿ ಕಡ್ಡಾಯ. ಬೇರೆ ಯಾರಿಗಾದರೂ ಹೇಳುತ್ತೇನೆ ಎಂದರು ಯಜಮಾನರು. ನಾನೇ ಮಾಡುತ್ತೇನೆ ಅಂದೆ. ಅಕ್ಕೋರ ಹೆಸರು ಟೈಪು ಮಾಡಿ, ಅಕ್ಷರ ಅಕ್ಷರ ಮತ್ತೆ ಓದಿ, ಅಳಿಸಿದೆ. ಆಮೇಲೆ ಕಂಟೇನರುಗಳನ್ನು ನೋಡುತ್ತಾ ಹೋದೆ. ಲ್ಯಾಬಿನದು ಓಡುತ್ತಿತ್ತು. ಔಷಧದ ಅಂಗಡಿಯದು ಓಡುತ್ತಿತ್ತು. ಡಯಾಲಿಸಿಸ್ ಕೇಂದ್ರದ್ದು ಸರಿಯಾದ ಹೊತ್ತಿಗೆ ಜನರನ್ನು ಒಳಗೆ ಕರೆಯುತ್ತಿತ್ತು. ಅಕ್ಕೋರು ಇಲ್ಲವೆಂದು ಒಂದಾದರೂ ನಿಂತಿರಬಾರದೇ ಎಂದು ನಾನು ಕೊನೆಯದರವರೆಗೂ ಹುಡುಕಿದೆ.