ವಿಮೆ ಕಾರ್ಡಿನ ಮಹಾರಾಜ

ಕಳೆದ ವಾರ ತೀರಿಕೊಂಡ ನಮ್ಮ ನಾಟಕ ಕಂಪನಿಯ ಮಹಾರಾಜ, ವೇಷ ಕಳಚಿದರೆ ಬೋಳು ತಲೆಯ, ಕೆನ್ನೆ ಒಳಸೇರಿದ ಸಣಕಲು ಮನುಷ್ಯ. ದಿನವೂ ಅವನ ಮುಖ ಬರೆಯುತ್ತಿದ್ದವಳು ಬಣ್ಣದಕ್ಕ.

"ಕನ್ನಡಿ ನೋಡ್ಕೊಂಡ್ರೆ ನನಗೆ ನಾನೇ ಕೈಮುಗೀಬೇಕು ಅನ್ಸುತ್ತೆ ಕಣಕ್ಕಾ."

"ಬಾಯ್ಮುಚ್ಚೋ, ಮೀಸೆ ಸೊಟ್ಟಗಾಗುತ್ತೆ."

ಊರೂರು ಅಲೆಯುವ ಕಂಪನಿಯೆಂದು ಮ್ಯಾನೇಜರ್, ಎಲ್ಲಿ ಕಾಯಿಲೆ ಬಿದ್ದರೂ ನಡೆಯುವಂಥ ಆರೋಗ್ಯ ವಿಮೆಯನ್ನು ಎಲ್ಲರಿಗೂ ಮಾಡಿಸಿದ್ದ. ಕಾರ್ಡಿಗೆ ಬೇಕಾದ ಫೋಟೊಗಳನ್ನು ಮಾತ್ರ ಆಟದ ವಿರಾಮದಲ್ಲಿ ಗಡಿಬಿಡಿಯಿಂದ ತೆಗೆಸಿದ್ದ. ಹಾಗಾಗಿ ಮಹಾರಾಜನ ಕಾರ್ಡಿನಲ್ಲಿದ್ದದ್ದು ಪೊದೆಗಡ್ಡ, ಹುರಿಮೀಸೆ, ಕಿರೀಟ.

ಒಮ್ಮೆ ದೂರದ ಊರಲ್ಲಿ, ಬೆಳಿಗ್ಗೆ ಅವನು ಹೊಟ್ಟೆ ಹಿಡಿದುಕೊಂಡು ಕುಸಿದ. ಅಪೆಂಡಿಕ್ಸ್, ತಡಮಾಡಿದರೆ ಜೀವಕ್ಕೇ ಸಂಚಕಾರ ಎಂದರು ಡಾಕ್ಟರು. ಆಸ್ಪತ್ರೆಯ ವಿಮೆ ಕೌಂಟರಿನ ಹುಡುಗಿ ಕಾರ್ಡು ನೋಡಿದಳು, ಸ್ಟ್ರೆಚರ್ ನೋಡಿದಳು.

"ಇವರು ಅವರಲ್ಲ."

"ಅವನೇ ಕಣಮ್ಮ. ಅದು ವೇಷ," ಎಂದಳು ಬಣ್ಣದಕ್ಕ.

"ವಿಮೆಯವರಿಗೆ ಈಗಲೇ ರೋಗಿ ಫೋಟೊ ಕಳಿಸ್ಬೇಕು ಆಂಟಿ. ಮುಖ ತಾಳೆಯಾಗ್ದೆ ಒಪ್ಪಿಗೆ ಕೊಡಲ್ಲ."

ಬಣ್ಣದಕ್ಕ ಕಂಪನಿಯ ವ್ಯಾನಿಗೆ ಓಡಿ ಬಣ್ಣದ ಪೆಟ್ಟಿಗೆ, ಗಡ್ಡ, ಕಿರೀಟ ತಂದಳು.

"ಇದೇನು ಆಸ್ಪತ್ರೆನೋ, ನಾಟಕದ ಮನೆನೋ?" ಎಂದು ನರ್ಸ್ ರೇಗಿದಳು.

"ಬೇಗ ಮುಗಿಸ್ಲಿ ಬಿಡಿ, ಆಮೇಲೆ ಒರೆಸಿದ್ರಾಯ್ತು," ಎಂದರು ಡಾಕ್ಟರು.

ಅವಳ ಬೆರಳು ಹಣೆಗೆ ತಾಗಿದ್ದೇ ತಡ, ನರಳಾಟ ನಿಂತಿತು. ಕಾಡಿಗೆಗೆ ಅವನು ರೂಢಿಯಂತೆ ಕಣ್ಣು ಮೇಲೆತ್ತಿದ, ಮೀಸೆಗೆ ತುಟಿ ಬಿಗಿಹಿಡಿದ. ಹುಬ್ಬು ಏರಿತು, ಕೆನ್ನೆ ತುಂಬಿತು. ಎಷ್ಟೋ ವರ್ಷ ಬರೆದ ಮುಖವೇ. ಆದರೂ ಬಣ್ಣದಕ್ಕನಿಗೆ ತಾನು ಹೊರಗಿನಿಂದ ಬಳಿಯುತ್ತಿದ್ದೇನೋ, ಒಳಗಿದ್ದ ದೊರೆಯೇ ಎದ್ದು ಬರುತ್ತಿದ್ದಾನೋ ತಿಳಿಯಲಿಲ್ಲ. ಕಾರಿಡಾರಿನ ಗದ್ದಲ ಅಡಗಿತು. ಕೌಂಟರಿನ ಹುಡುಗಿ ತನಗರಿವಿಲ್ಲದೆ ಎದ್ದು ನಿಂತಿದ್ದಳು.

"ಫೋಟೊ ತೆಗಿಯಮ್ಮ," ಎಂದ ಮಹಾರಾಜ, ಕೊನೆಯ ಸಾಲಿನವರಿಗೂ ಕೇಳುವ ದನಿಯಲ್ಲಿ. "ನಮಗೆ ಹೊತ್ತಾಗ್ತಿದೆ."

ಒಪ್ಪಿಗೆ ಬಂತು. ಅವನು ಉಳಿದ, ಮತ್ತೆ ಬಹುಕಾಲ ಕಿರೀಟ ಹೊತ್ತ.

ಕಳೆದ ವಾರ ಮನೆಯಲ್ಲೇ, ನಿದ್ದೆಯಲ್ಲೇ ಹೋದ. ಬಣ್ಣದಕ್ಕ ಪೆಟ್ಟಿಗೆ ಹಿಡಿದೇ ಬಂದಿದ್ದಳು. "ಕೊನೇ ಸಲ ಒಂಚೂರು ಬಣ್ಣ ಹಚ್ತೀರಾ ಅಕ್ಕಾ?" ಎಂದಳು ಅವನ ಹೆಂಡತಿ. ಬಣ್ಣದಕ್ಕ ಆ ಬರಿಯ ಹಣೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಪೆಟ್ಟಿಗೆ ತೆರೆಯಲಿಲ್ಲ.

"ಬೇಡ ಬಿಡಮ್ಮ," ಎಂದಳು. "ಇವತ್ತು ಯಾರೂ ಗುರುತು ಕೇಳಲ್ಲ."