ಅಂಬಮ್ಮ ಮೇಡಂ ಮತ್ತು ಮೂರು ಊರಿನ ಬಸ್ಸು

ಅಂಬಮ್ಮ ಮೇಡಂ ಪ್ರೋಗ್ರಾಮನ್ನು ಗಟ್ಟಿಯಾಗಿ ಓದುತ್ತಿದ್ದರು. ತೆರೆಯ ಮೇಲೆ ಬೆರಳಿಟ್ಟು, ಕಂಸ, ಅರ್ಧವಿರಾಮ ಒಂದನ್ನೂ ಬಿಡದೆ ಓದುವ ಆ ದನಿ ಕೆಳಗಿನ ಗೊಬ್ಬರದಂಗಡಿಗೂ ಕೇಳುತ್ತಿತ್ತು. ತೊಂಬತ್ತರ ದಶಕದ ಕೊನೆ. ಸಿಂಧನೂರಿನಲ್ಲಿ ಆಗ ಕಂಪ್ಯೂಟರ್ ಕ್ಲಾಸೆಂದರೆ ಚಪ್ಪಲಿ ಹೊರಗೆ ಬಿಟ್ಟು ಹೋಗುವ ಜಾಗ. ಬರೆದದ್ದನ್ನೇ ಇನ್ನೊಮ್ಮೆ ಬರೆದರೆ ಮೇಡಂಗೆ ಮೈ ಉರಿಯುತ್ತಿತ್ತು. "ಒಮ್ಮೆ ಹೇಳಿದ್ರ ಸಾಕು ಲೇ, ಕಂಪ್ಯೂಟರೇನು ಕಿವುಡೈತೇನು?" ಎನ್ನುತ್ತಿದ್ದರು.

ಲಿಂಗಸುಗೂರಿನ ಒಂದು ಕಾಲೇಜು ತನ್ನ ಹೊಸ ಲ್ಯಾಬಿಗೆ ಅವರನ್ನು ಕಾಯಂ ಮಾಡಿಕೊಳ್ಳುವ ಮಾತಾಡಿತ್ತು. ಅದಕ್ಕೆ ಮುಂಚೆ ಪ್ರಿನ್ಸಿಪಾಲರು ಶಿಷ್ಯರ ಕೆಲಸ ನೋಡಬೇಕಂತೆ. ನಾವು ಮೂವರು ಶಿಷ್ಯರು ಸೇರಿ ಮೂರು ಊರಿನ ಬಸ್ಸಿನ ವೇಳೆ ತೋರಿಸುವ ಜಾವಾಸ್ಕ್ರಿಪ್ಟ್ ಪುಟ ಮಾಡಿದೆವು. ಸಿಂಧನೂರಿನ ಫೈಲು ನನ್ನದು. ಲಿಂಗಸುಗೂರು, ಮಸ್ಕಿಯಿಂದ ಕ್ಲಾಸಿಗೆ ಬರುವ ಇಬ್ಬರು ಗೆಳೆಯರು ತಮ್ಮ ಊರಿನದನ್ನು ಬರೆದು, ಫ್ಲಾಪಿಯನ್ನು ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಆದರೆ 'ಬಸ್' ಎಂದರೆ ಏನೇನು ಎಂದು ಹೇಳುವ ಅಚ್ಚನ್ನು, ಅಂದರೆ ಪ್ರೋಗ್ರಾಮಿನ 'ಕ್ಲಾಸ'ನ್ನು, ಮೂವರೂ ಒಂದೇ ಹೆಸರಿನಲ್ಲಿ ಬೇರೆ ಬೇರೆಯಾಗಿ ಬರೆದಿದ್ದೆವು, ನಮ್ಮ ನಮ್ಮ ಊರಿನ ನಿಲ್ದಾಣದ ಬೋರ್ಡು ನೋಡಿಕೊಂಡು! ನಮ್ಮ ಮತ್ತು ಲಿಂಗಸುಗೂರಿನ ಬೋರ್ಡಿನಲ್ಲಿ ಊರು ಮೊದಲು, ಮಸ್ಕಿಯದರಲ್ಲಿ ವೇಳೆ ಮೊದಲು.

ತೋರಿಸುವ ದಿನ ಮೂವರೂ ಮೇಡಂ ಜೊತೆ ಕಾಲೇಜಿನಲ್ಲಿದ್ದೆವು. ಪ್ರಿನ್ಸಿಪಾಲರ ಎದುರು ಸಿಂಧನೂರು ಒತ್ತಿದರೆ, ವೇಳೆಯ ಜಾಗದಲ್ಲಿ ರಾಯಚೂರು ಬಂತು.

"ಬಸ್ಸು ರಾಯಚೂರು ಗಂಟೆಗೆ ಹೊಂಡ್ತೈತೇನ್ರಿ?" ಎಂದು ಅವರು ನಕ್ಕರು.

ಮೇಡಂ ಫೈಲುಗಳನ್ನು ತೆರೆದು ಗಟ್ಟಿಯಾಗಿ ಓದತೊಡಗಿದರು. ಮೂರನೆಯದರಲ್ಲಿ ನಿಂತರು. "ಕಡೀಗೆ ಬಂದ ಮಸ್ಕಿ ಬಸ್ಸು ಉಳಿದೆರಡನ್ನ ಅಳಿಸಿ ಕುಂತೈತಿ" ಎಂದವರೇ ಮೂರೂ ಕ್ಲಾಸು ತೆಗೆದುಹಾಕಿದರು. ಒಂದೇ ಕ್ಲಾಸನ್ನು ಬೇರೊಂದು ಫೈಲಿನಲ್ಲಿ ಬರೆದು, ಪುಟದಲ್ಲಿ ಅದನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದರು. "ಮ್ಯಾಲಿನ ತೂಬು ಮೊದ್ಲು ತೆಗೀಬೇಕು. ಆಮ್ಯಾಲೆ ಕೆಳಗಿನ ಹೊಲಕ್ಕೆಲ್ಲ ಅದ ನೀರು." ಮಸ್ಕಿಯ ಸಾಲುಗಳನ್ನೂ ಅದಕ್ಕೆ ಹೊಂದಿಸಿದರು. ಪುಟ ನಡೆಯಿತು! ಅಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ತಪ್ಪು ಯಾರದು?" ಎಂದರು ಪ್ರಿನ್ಸಿಪಾಲರು. ನಾವು ಮೂವರೂ ಎದ್ದು ನಿಂತೆವು.

"ಕುಂದರ್ರಲೇ" ಎಂದು ಮೇಡಂ ಗದರಿಸಿದರು. "ತಪ್ಪು ನಂದ್ರೀ. ಬಸ್ಸಿನ ಕ್ಲಾಸು ಒಬ್ರ ಬರೀರಿ ಅಂತ ನಾನ ಹೇಳಬೇಕಿತ್ತು."

ಕಾಲೇಜಿನ ಆ ಕೆಲಸ ಬೇರೆಯವರ ಪಾಲಾಯಿತು. ಮೇಡಂ ಬೇರೆ ಕೆಲಸ ಹುಡುಕಿಕೊಂಡು ಬಳ್ಳಾರಿಗೆ ಹೊರಟ ದಿನ ನಿಲ್ದಾಣಕ್ಕೆ ಹೋಗಿದ್ದೆ. "ನಮ್ಮಿಂದ ಕೆಲಸ ಹೋತಲ್ರೀ ಮೇಡಂ" ಎನ್ನುವಷ್ಟರಲ್ಲಿ ನನಗೆ ಅಳು ಬಂತು.

"ತಪ್ಪು ನಿಮ್ಮ ಮ್ಯಾಲೆ ಹಾಕಿದ್ರ ನನಗ ಕೆಲಸ ಸಿಗ್ತಿತ್ತು, ಖರೆ" ಎಂದರು ಅವರು. "ಆದ್ರ ನೀವು ಮತ್ತ ಕಂಪ್ಯೂಟರ್ ಮುಂದ ಕುಂದರ್ತಿದ್ದಿಲ್ಲ ನೋಡು."

ಚೀಲ ಎತ್ತಿಕೊಂಡು ಬಸ್ಸು ಹತ್ತಿದರು. ಆಮೇಲೆ ನಾನು ಅವರನ್ನು ನೋಡಲೇ ಇಲ್ಲ.